ಮನೆಮಂದಿಗೆಲ್ಲ ಒಗ್ಗುವ ಲಿನಕ್ಸ್: ಹಾಕುವ ಮುಂಚೆ ಓಡಿಸಿ ನೋಡಿ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಏಳನೇ ತಲೆಮಾರಿನ ಅಥವಾ ಅದಕ್ಕೂ ಹಳೆಯ ಪ್ರೊಸೆಸರ್ ಇರುವ ಬಹುತೇಕ ಲ್ಯಾಪ್‌ಟಾಪ್‌ಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕುವ ಬದಲು, ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಉಚಿತ ತಂತ್ರಾಂಶವಾದ ಲಿನಕ್ಸ್ ಹಾಕುವುದು ಒಳ್ಳೆಯ ಯೋಚನೆಯೇ. ಆದರೆ ಅನೇಕರು ಯೂಟ್ಯೂಬ್‌ನಲ್ಲಿ ಚಂದ ಕಂಡದ್ದನ್ನು ಇಳಿಸಿಕೊಂಡು ನೇರವಾಗಿ ಹಾರ್ಡ್‌ಡಿಸ್ಕ್‌ಗೆ ಹಾಕಿಬಿಡುತ್ತಾರೆ. ಮರುದಿನ ಪ್ರಿಂಟರ್ ಓಡುವುದಿಲ್ಲ, ಅಜ್ಜನಿಗೆ ಕನ್ನಡ ಟೈಪ್ ಮಾಡಲು ಬರುವುದಿಲ್ಲ, ಮನೆಯಲ್ಲಿ ಜಗಳ ಶುರು.

1. ಯಾರಿಗೆ ಏನು ಕೆಲಸ ಎಂದು ಬರೆದುಕೊಳ್ಳಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿದ್ದರೆ ಆ ಯಂತ್ರವನ್ನು ಮುಟ್ಟಬೇಡಿ. ವೈನ್ (ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ಹಾಕಿ ಓಡಿಸಬಹುದು ಎನ್ನುವ ಸಲಹೆಯನ್ನು ನಂಬಿ ದುಡ್ಡಿನ ಲೆಕ್ಕ ಇಡಬಾರದು.

2. ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ, ಲಿನಕ್ಸ್ ಮಿಂಟ್ ಆರಿಸಿ. ಮೆನು ಎಡಮೂಲೆಯಲ್ಲೇ ಇರುವುದರಿಂದ ವಿಂಡೋಸ್ ಬಳಸಿದವರಿಗೆ ಕೈ ತಡವರಿಸುವುದಿಲ್ಲ. 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಮಿಂಟ್ ಬೇರೆ ಬೇರೆ ಡೆಸ್ಕ್‌ಟಾಪ್‌ಗಳೊಂದಿಗೆ ಸಿಗುತ್ತದೆ: ರ‍್ಯಾಮ್ 4 ಜಿಬಿಯಷ್ಟೇ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ, ಹೆಚ್ಚಿದ್ದರೆ ಸಿನಮನ್. ಕಾಲೇಜು ಹುಡುಗರು ಹೇಳುವ ಕಾಲಿ ಲಿನಕ್ಸ್ ಭದ್ರತೆ ಪರೀಕ್ಷಿಸುವವರಿಗಾಗಿ ಇರುವುದು, ಮನೆಗೆ ಬೇಡವೇ ಬೇಡ.

3. ಇಡೀ ಮಿಂಟ್ ಅಡಗಿರುವ ಐಎಸ್‌ಒ ಫೈಲನ್ನು ಮಿಂಟ್‌ನ ಜಾಲತಾಣದಿಂದಲೇ ಇಳಿಸಿ, ರೂಫಸ್ ಎಂಬ ವಿಂಡೋಸ್ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಫೈಲನ್ನು ಬರೀ ಕಾಪಿ ಮಾಡಿದರೆ ಕಂಪ್ಯೂಟರ್ ಪೆನ್‌ಡ್ರೈವ್‌ನಿಂದ ಶುರುವಾಗದು (ಬೂಟ್ ಆಗದು). ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಮಾರುವವರಿಗೆ ದುಡ್ಡು ಕೊಡಬೇಡಿ, ಇದು ಉಚಿತ.

4. ಈಗ ನಿಜವಾದ ಕೆಲಸ. ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡುವಾಗ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ. ಪೆನ್‌ಡ್ರೈವ್‌ನಿಂದಲೇ ಮಿಂಟ್‌ನ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ, ‘ಇನ್‌ಸ್ಟಾಲ್’ ಐಕಾನನ್ನು ಮುಟ್ಟದಿದ್ದರೆ ಹಾರ್ಡ್‌ಡಿಸ್ಕ್‌ನಲ್ಲಿರುವ ವಿಂಡೋಸ್ ಹಾಗೇ ಇರುತ್ತದೆ. ಒಂದು ಭಾನುವಾರ ಇದಕ್ಕೇ ಇಟ್ಟುಬಿಡಿ. ವೈಫೈ ಕಾಣದಿದ್ದರೆ ಗಾಬರಿ ಬೇಡ, ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ (ಫೋನಿನ ಇಂಟರ್ನೆಟ್ಟನ್ನು ಕಂಪ್ಯೂಟರ್‌ಗೆ ಕೊಡುವುದು) ಆನ್ ಮಾಡಿ, ವೈಫೈಗೆ ಬೇಕಾದ ಡ್ರೈವರ್ ಹುಡುಕಲು ಡ್ರೈವರ್ ಮ್ಯಾನೇಜರ್ ತೆರೆಯಿರಿ. ಒಂದು ಪುಟ ಪ್ರಿಂಟ್ ತೆಗೆಯಿರಿ, ಸ್ಕ್ಯಾನೂ ಮಾಡಿ. ಕೆಲವು ಲೇಸರ್ ಪ್ರಿಂಟರ್‌ಗಳು ಇಲ್ಲೇ ಕೈಕೊಡುತ್ತವೆ. ಮಗುವಿನ ಆನ್‌ಲೈನ್ ಕ್ಲಾಸಿನ ಮೈಕ್, ಕ್ಯಾಮೆರಾ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಯಂತ್ರ ಎಚ್ಚರವಾಗಲೇಬೇಕು.

ಕನ್ನಡ ಟೈಪ್ ಮಾಡಲು ಬೇಕಾದ ಐಬಸ್ ಮತ್ತು ಎಂ17ಎನ್ ಎಂಬ ತಂತ್ರಾಂಶಗಳನ್ನು ಹಾಕಿ, ಇನ್‌ಪುಟ್ ಪಟ್ಟಿಯಲ್ಲಿ ಕೆಜಿಪಿ ಆರಿಸಿ. ಅದೇ ನುಡಿ ಕೀಲಿಮಣೆ. ಎ, ಕೆ, ಎಫ್, ಕೆ ಒತ್ತಿದಾಗ ‘ಅಕ್ಕ’ ಮೂಡಿದರೆ ಗೆದ್ದಂತೆ. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ, ಬರಹ ಕಡತಗಳು ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

5. ಎಲ್ಲ ಸರಿಯಿದ್ದರೆ ಫೋಟೊ, ಕಡತಗಳನ್ನು ಬೇರೆ ಡಿಸ್ಕ್‌ಗೆ ತೆಗೆದಿಟ್ಟು ಇನ್‌ಸ್ಟಾಲ್ ಮಾಡಿ. ‘ಎರೇಸ್ ಡಿಸ್ಕ್’ ಎಂದರೆ ಹಳೆಯದೆಲ್ಲ ಅಳಿಸಿಹೋಗುತ್ತದೆ.

6. ಮನೆಯ ಪ್ರತಿಯೊಬ್ಬರಿಗೂ ಬೇರೆ ಖಾತೆ ತೆರೆಯಿರಿ, ಅಡ್ಮಿನ್ ಒಬ್ಬರೇ ಇರಲಿ. ಸಿಸ್ಟಮ್‌ನ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ಆನ್ ಮಾಡಿ. ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಅದು ಕಾಯುವುದು ಸಿಸ್ಟಮ್ಮನ್ನು ಮಾತ್ರ, ಫೋಟೊಗಳನ್ನಲ್ಲ. ಅವುಗಳ ಬ್ಯಾಕಪ್ ಬೇರೆಯೇ ಆಗಬೇಕು.