ಎರಡು ಬಣ್ಣದ ಉಲ್ಲನ್ ಟೋಪಿ ಹೆಣೆಯುವ ಬಗೆ

ಎರಡು ಬಣ್ಣದ ಹೆಣಿಗೆಯ ಕಷ್ಟವೆಲ್ಲ ಹಿಂಬದಿಯಲ್ಲಿರುತ್ತದೆ. ಒಂದು ಬಣ್ಣ ಹೆಣೆಯುವಾಗ ಇನ್ನೊಂದರ ಎಳೆ ಹಿಂದೆ ಅಡ್ಡ ಹಾಯುತ್ತದೆ. ಅದು ಬಿಗಿಯಾದರೆ ಮುಂಭಾಗ ಸುಕ್ಕುಗಟ್ಟಿ, ಟೋಪಿ ತಲೆಗೆ ಇಳಿಯುವುದಿಲ್ಲ.

56 ಸೆಂ.ಮೀ. ಸುತ್ತಳತೆಯ ತಲೆಗೆ ಟೋಪಿ ಸುಮಾರು 51 ಸೆಂ.ಮೀ. ಇದ್ದರೆ ಸರಿಯಾಗಿ ಹಿಡಿಯುತ್ತದೆ. ಮಧ್ಯಮ ದಪ್ಪದ ಉಲ್ಲನ್ ಬೇಕು: ತಳದ ಬಣ್ಣ 70 ಗ್ರಾಂ, ಚಿತ್ತಾರದ್ದು 30 ಗ್ರಾಂ. ಒಂದು ತಿಳಿ, ಒಂದು ಗಾಢ ಬಣ್ಣ ಆರಿಸಿ. ಎರಡನ್ನೂ ಜೊತೆಗಿಟ್ಟು ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ಒಂದೇ ಬೂದುಬಣ್ಣವಾಗಿ ಕಂಡರೆ ಚಿತ್ತಾರ ಎದ್ದು ಕಾಣದು. ಕೆಂಪು, ಕಡುನೀಲಿ ನೂಲಿನ ತುಂಡನ್ನು ಒದ್ದೆಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುವುದೇ ಪರೀಕ್ಷಿಸಿ.

ಮೊದಲು ಚಿತ್ತಾರದ ಮಾದರಿ ತುಂಡು ಹೆಣೆದು ಅಳೆಯಿರಿ. 4 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಬರಬೇಕು. ಹೆಚ್ಚಾದರೆ ದಪ್ಪ ಕಡ್ಡಿ, ಕಡಿಮೆಯಾದರೆ ಸಣ್ಣ ಕಡ್ಡಿ ಹಿಡಿಯಿರಿ.

3.5 ಮಿ.ಮೀ. ವೃತ್ತಾಕಾರದ ಕಡ್ಡಿಯಲ್ಲಿ (ಬಾಗುವ ತಂತಿಯಿಂದ ಜೋಡಿಸಿದ ಎರಡು ಕಡ್ಡಿ) ತಳದ ಬಣ್ಣದಿಂದ 112 ಕುಣಿಕೆ ಹಾಕಿ. ತಿರುಚದಂತೆ ಜೋಡಿಸಿ 2 ನಿಟ್ (ಸೀದಾ ಹೆಣಿಗೆ), 2 ಪರ್ಲ್ (ಉಲ್ಟಾ ಹೆಣಿಗೆ) ಕ್ರಮದಲ್ಲಿ 5 ಸೆಂ.ಮೀ. ಅಂಚು ಹೆಣೆಯಿರಿ. ಜೋಡಿಸುವಾಗ ತಿರುಚಿಕೊಂಡರೆ ಮುಂದೆ ಸರಿಪಡಿಸಲಾಗದು, ಬಿಚ್ಚಲೇಬೇಕು.

ಈಗ 4 ಮಿ.ಮೀ. ಕಡ್ಡಿಗೆ ಬದಲಿಸಿ, ಎಲ್ಲವೂ ನಿಟ್. ನಾಲ್ಕು ಕುಣಿಕೆಯ ವಜ್ರಾಕಾರ ಹೀಗೆ: ಮೊದಲ ಸುತ್ತು 2 ತಳ, 1 ಚಿತ್ತಾರ, 1 ತಳ. ಎರಡನೆಯದು ತಳ, ಚಿತ್ತಾರ ಒಂದೊಂದಾಗಿ. ಮೂರನೆಯದು 1 ಚಿತ್ತಾರ, 3 ತಳ. ನಾಲ್ಕನೆಯದು ಎರಡನೆಯದರಂತೆ. ಇಲ್ಲಿ ಯಾವ ಎಳೆಯೂ 3 ಕುಣಿಕೆಗಿಂತ ಉದ್ದ ಹಾಯುವುದಿಲ್ಲವಾದ್ದರಿಂದ ಕಲಿಯುವವರಿಗೆ ಇದೇ ಒಳ್ಳೆಯದು. 5 ಕುಣಿಕೆ ದಾಟುವ ವಿನ್ಯಾಸದಲ್ಲಿ ಎಳೆಯನ್ನು ಮಧ್ಯೆ ಒಮ್ಮೆ ಸಿಕ್ಕಿಸದಿದ್ದರೆ ಬೆರಳಿಗೆ, ಕಿವಿಯೋಲೆಗೆ ತಗಲುತ್ತದೆ.

ಬಣ್ಣ ಬದಲಿಸುವ ಮುನ್ನ ಬಲಗಡ್ಡಿಯ ಕುಣಿಕೆಗಳನ್ನು ಅಗಲವಾಗಿ ಹರಡಿಕೊಳ್ಳಿ. ಎಳೆ ತಾನಾಗಿ ಸಾಕಷ್ಟು ಉದ್ದ ಬರುತ್ತದೆ. ಚಿತ್ತಾರದ ನೂಲು ಯಾವಾಗಲೂ ಕೆಳಗಿನಿಂದ, ತಳದ್ದು ಮೇಲಿನಿಂದ ಬರಲಿ. ಕೆಳಗಿನಿಂದ ಬಂದ ಬಣ್ಣದ ಕುಣಿಕೆ ತುಸು ದೊಡ್ಡದಾಗಿ ಕಾಣುತ್ತದೆ. ನಡುವೆ ಅದಲುಬದಲಾದರೆ ಚಿತ್ತಾರದಲ್ಲಿ ಪಟ್ಟೆ ಮೂಡುತ್ತದೆ.

ಒಟ್ಟು ಎತ್ತರ 15 ಸೆಂ.ಮೀ. ಆದಾಗ ತಳದ ಬಣ್ಣ ಮಾತ್ರ ಉಳಿಸಿಕೊಂಡು ನೆತ್ತಿ ಇಳಿಸಿ: 12 ನಿಟ್, 2 ಸೇರಿಸಿ ಒಂದು, ಹೀಗೆ 8 ಸಲ. ಒಂದು ಸುತ್ತು ಸಾದಾ. ಮುಂದಿನ ಇಳಿಕೆಯಲ್ಲಿ 11 ನಿಟ್, 2 ಸೇರಿಸಿ. 56 ಕುಣಿಕೆ ಉಳಿದ ಮೇಲೆ ಪ್ರತಿ ಸುತ್ತಿನಲ್ಲೂ ಇಳಿಸಿ, ಕೊನೆಯ 8ರಲ್ಲಿ ನೂಲು ಪೋಣಿಸಿ ಬಿಗಿಯಾಗಿ ಎಳೆಯಿರಿ. ಕುಣಿಕೆ ಕಡಿಮೆಯಾದಂತೆ ವೃತ್ತಾಕಾರದ ಕಡ್ಡಿ ಎಟುಕದು, ಎರಡು ತುದಿ ಚೂಪಾದ ಕಡ್ಡಿಗಳಿಗೆ ವರ್ಗಾಯಿಸಿ.

ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ, ಮಟ್ಟಸವಾಗಿ ಒಣಗಿಸಿ. ಬಿಸಿನೀರಿನಲ್ಲಿ ಉಜ್ಜಿದರೆ ಉಣ್ಣೆ ಗಂಟುಕಟ್ಟಿ ಕುಗ್ಗುತ್ತದೆ, ಮರಳಿ ಹಿಗ್ಗದು.