ಮಗಳ ಸೈನಿಕ ಶಾಲೆ ಅರ್ಜಿಗೆ ನಾವು ತಯಾರಾದ ಬಗೆ

ನಮ್ಮ ಮನೆ ಬೀದರಿನ ಚಿದ್ರಿ ಕಡೆ. ವಾಯುನೆಲೆಯ ವಿಮಾನಗಳು ತಲೆ ಮೇಲೇ ಹೋಗುತ್ತವೆ. ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ ತಂಡದ ಸದ್ದು ಕೇಳಿದರೆ ಮಗಳು ಊಟ ಬಿಟ್ಟು ಮಾಳಿಗೆಗೆ ಓಡುತ್ತಿದ್ದಳು. ಐದನೇ ತರಗತಿಯಲ್ಲಿದ್ದಾಗ ಒಂದು ದಿನ, 'ಅಪ್ಪಾ, ನಾನೂ ಹಾರಿಸಬೇಕು' ಅಂದಳು. ಮಕ್ಕಳನ್ನು ಎನ್‌ಡಿಎಗೆ (ಸೇನಾಧಿಕಾರಿಗಳ ತರಬೇತಿಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ತಯಾರು ಮಾಡುವ ಸೈನಿಕ ಶಾಲೆ ವಿಜಯಪುರದಲ್ಲೇ ಇದೆ, 1963ರಿಂದ. ಈಗ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಸರಿ, ಪ್ರವೇಶ ಪರೀಕ್ಷೆ ಬರೆಸೋಣ ಅಂದುಕೊಂಡೆವು.

ಆರನೇ ತರಗತಿಗೆ ಪರೀಕ್ಷೆ 300 ಅಂಕಕ್ಕೆ. ಅದರಲ್ಲಿ ಗಣಿತ ಒಂದೇ 150. ಭಾಷೆ, ಸಾಮಾನ್ಯ ಜ್ಞಾನ, ಬುದ್ಧಿಶಕ್ತಿ ತಲಾ 50. ಹಾಗಾಗಿ ಬೆಳಗಿನ ಹೊತ್ತು ಪೂರ್ತಿ ಗಣಿತಕ್ಕೆ ಕೊಟ್ಟೆವು. ಉಳಿದದ್ದು ಸಂಜೆ.

ಪರಿಚಯದವರು ಇಂಗ್ಲಿಷ್‌ನಲ್ಲೇ ಬರೆಸಿ ಅಂದರು. ನಾನೂ ಒಂದು ವಾರ ಹಾಗೇ ಹೇಳಿಕೊಟ್ಟೆ. ಮಗಳು ಕನ್ನಡ ಮಾಧ್ಯಮದವಳು. ಲ.ಸಾ.ಅ., ಮ.ಸಾ.ಅ. ಅಂದರೆ ತಕ್ಷಣ ಮಾಡುವವಳು, ಎಲ್‌ಸಿಎಂ ಅಂದರೆ ಸುಮ್ನೆ ಕೂರುತ್ತಿದ್ದಳು. ಬರುವ ಲೆಕ್ಕವನ್ನು ನಾನೇ ಬಾರದಂತೆ ಮಾಡುತ್ತಿದ್ದೇನೆ ಅನ್ನಿಸಿತು. ಆರನೇ ತರಗತಿಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಅದನ್ನೇ ಆರಿಸಿದೆವು. ನಮಗೆ ಇದಕ್ಕಿಂತ ಒಳ್ಳೆಯ ತೀರ್ಮಾನ ಇರಲಿಲ್ಲ. ಒಂಬತ್ತನೇ ತರಗತಿಗೆ ಸೇರುವವರಿಗೆ ಮಾತ್ರ ಇಂಗ್ಲಿಷ್ ಒಂದೇ ದಾರಿ.

ಒಎಂಆರ್ ಹಾಳೆಯನ್ನು, ಅಂದರೆ ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆಯನ್ನು, ಹಗುರ ಮಾಡಬೇಡಿ. ಮನೆಯಲ್ಲಿ ಮಾಡಿಸಿದ ಮೊದಲ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಿಟ್ಟು ಮುಂದೆ ಹೋಗಿದ್ದಳು. ಅಲ್ಲಿಂದ ಮುಂದಿನ ಗುರುತೆಲ್ಲ ಒಂದೊಂದು ಸಾಲು ಮೇಲೆ ಬಿದ್ದಿದ್ದವು. ಆಮೇಲೆ ಪ್ರಶ್ನೆ ಸಂಖ್ಯೆಯ ಮೇಲೆ ಬೆರಳಿಟ್ಟು ತುಂಬುವುದನ್ನು ರೂಢಿ ಮಾಡಿಸಿದೆ. 150 ನಿಮಿಷಕ್ಕೆ 125 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡ ಅಂತ ಹೇಳಿದ್ದೆ.

ಜಾಸ್ತಿ ಓಡಾಡಿಸಿದ್ದು ಓದಲ್ಲ, ಕಾಗದಪತ್ರ. ನಮ್ಮ ಹತ್ತಿರ ರಾಜ್ಯದ ಹಿಂದುಳಿದ ವರ್ಗಗಳ 2ಎ ಜಾತಿ-ಆದಾಯ ಪ್ರಮಾಣಪತ್ರ ಇತ್ತು, ಅದೇ ಸಾಕು ಅಂದುಕೊಂಡಿದ್ದೆ. ಸಾಲದು. ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು, ಕೆನೆಪದರಕ್ಕೆ (ಹಿಂದುಳಿದ ವರ್ಗದಲ್ಲೇ ಅನುಕೂಲಸ್ಥರ ಗುಂಪು) ಸೇರಿಲ್ಲ ಅಂತ ಬರೆದಿರುವಂಥದ್ದು. ಅರ್ಜಿ ತುಂಬಲು ಕೂತ ಮೇಲೆ ಇದು ಗೊತ್ತಾಯಿತು. ಮೂರು ಸಲ ಕಚೇರಿಗೆ ಹೋಗಿಬಂದೆ. ಜನನ ಪತ್ರದಲ್ಲಿ ಇನಿಷಿಯಲ್ ಇಲ್ಲ, ಆಧಾರ್‌ನಲ್ಲಿ ಇದೆ. ಅದನ್ನೂ ಸರಿಮಾಡಿಸಬೇಕಾಯಿತು. ಕೊನೆಯ ದಿನಾಂಕಕ್ಕೆ ಎರಡು ದಿನ ಇದೆ ಅನ್ನುವಾಗ ಎಲ್ಲ ಕೈಗೆ ಬಂತು. ಆ ರಾತ್ರಿಯೇ ಅರ್ಜಿ ಹಾಕಿದೆವು. ಬೆಳಗ್ಗೆ ಎದ್ದು ಮತ್ತೆ ಶೇಕಡಾ ಲೆಕ್ಕಕ್ಕೆ ಕೂತೆವು.