ಸ್ತನದಲ್ಲಿ ಗಂಟು, ಕಂಕುಳಲ್ಲಿ ಗಡ್ಡೆ: ಯಾವ ಸ್ಕ್ಯಾನ್ ಮೊದಲು?

ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬಸ್ ಹತ್ತಿ ಶಿವಮೊಗ್ಗಕ್ಕೆ ಬರೋ ಅಕ್ಕಂದಿರೇ, ನೇರ ಸ್ಕ್ಯಾನಿಂಗ್ ಸೆಂಟರಿಗೆ ಹೋಗ್ಬೇಡಿ, ಮೊದಲು ಡಾಕ್ಟರ್ ಹತ್ರ ತೋರಿಸಿ ಚೀಟಿ ಬರೆಸ್ಕೊಳ್ಳಿ. ವಯಸ್ಸು 30ರ ಒಳಗಿದ್ರೆ, ಇಲ್ಲಾ ಬಸುರಿ ಆಗಿದ್ರೆ ಸಾಮಾನ್ಯವಾಗಿ ಅಲ್ಟ್ರಾಸೌಂಡೇ ಮೊದಲು, 40 ದಾಟಿದೋರಿಗೆ ಮ್ಯಾಮೋಗ್ರಾಮ್ (ಸ್ತನದ ಎಕ್ಸ್-ರೇ), ಜೊತೆಗೆ ಅಲ್ಟ್ರಾಸೌಂಡ್. ಮ್ಯಾಮೋಗ್ರಾಮ್ ದಿನ ಕಂಕುಳಿಗೆ ಪೌಡರ್ ಹಾಕ್ಬೇಡಿ, ಚಿತ್ರದಲ್ಲಿ ಬಿಳಿ ಚುಕ್ಕೆ ಥರ ಕಂಡು ಸುಮ್ನೆ ಗಾಬರಿ ಆಗುತ್ತೆ. ಕಂಕುಳ ಗಡ್ಡೆಗೆ ಮ್ಯಾಮೋಗ್ರಾಮ್ ಒಂದೇ ಸಾಲಲ್ಲ, ಅಲ್ಟ್ರಾಸೌಂಡ್ ಬೇಕೇ ಬೇಕು, ಅದ್ರಲ್ಲಿ ಕಂಕುಳ ಲಿಂಫ್ ಗ್ರಂಥಿಯ (ಸೋಂಕಿನ ವಿರುದ್ಧ ಹೋರಾಡೋ ಸಣ್ಣ ಗಂಟು) ಹೊರಪದರ 3 ಮಿಮೀಗಿಂತ ದಪ್ಪ ಕಂಡ್ರೆ, ಇಲ್ಲಾ ಮಧ್ಯದ ಕೊಬ್ಬು ಕಾಣದೇ ಹೋದ್ರೆ, ಸ್ಕ್ರೀನ್ ನೋಡ್ಕೊಂಡೇ ಸೂಜಿ ಹಾಕಿ ಸ್ಯಾಂಪಲ್ ತೆಗೀತಾರೆ, ಹೆದರ್ಬೇಡಿ. ಪೆಟ್ ಸಿಟಿ (ಇಡೀ ಮೈಯಲ್ಲಿ ಕ್ಯಾನ್ಸರ್ ಹುಡುಕೋ ಸ್ಕ್ಯಾನ್) ದುಬಾರಿ, ಮೊದಲ ಟೆಸ್ಟಾಗಿ ಬೇಡ. ಸ್ಕ್ಯಾನ್ ನಾರ್ಮಲ್ ಬಂದ್ರೂ ಗಂಟು ಕೈಗೆ ಸಿಗ್ತಾನೇ ಇದ್ರೆ ಸುಮ್ನಾಗ್ಬೇಡಿ, ಬಯಾಪ್ಸಿ (ಗಂಟಿನ ತುಣುಕು ತೆಗೆದು ಪರೀಕ್ಷೆ) ಬೇಕಾ ಅಂತ ಡಾಕ್ಟರನ್ನ ಕೇಳಿ.